ಎರಡನೆಯ ಸ್ಯಾಂಡರ್

ಪಿಂಚಣಿ ತಪ್ಪದೆ ಬರಬೇಕಾದರೆ ನಮ್ಮ ರಸ್ತೆಯ ಮೇಷ್ಟ್ರು ವರ್ಷಕ್ಕೊಮ್ಮೆ ತಾವಿನ್ನೂ ಬದುಕಿದ್ದೇವೆ ಎಂದು ರುಜುವಾತು ಕೊಡಬೇಕು. ಮೊದಲೆಲ್ಲ ಖುದ್ದಾಗಿ ಹೋಗಿ ಸಹಿ ಹಾಕಿ ಬಂದರೆ ಮುಗಿಯುತ್ತಿತ್ತು. 2014ರಲ್ಲಿ ‘ಜೀವನ್ ಪ್ರಮಾಣ್’ ಬಂದ ಮೇಲೆ ಬೆರಳಚ್ಚು ಕೊಟ್ಟರೂ ಸಾಕೆಂದಾಯಿತು. ಹೋದ ನವೆಂಬರಿನಲ್ಲಿ ಮೇಷ್ಟ್ರು ಗಾಜಿನ ಮೇಲೆ ತೋರುಬೆರಳು ಇಟ್ಟರು, ಯಂತ್ರ ಒಪ್ಪಲಿಲ್ಲ. ಪಂಚೆಯ ಅಂಚಿಗೆ ಒರೆಸಿಕೊಂಡು ಮತ್ತೆ ಇಟ್ಟರು. ಹೆಬ್ಬೆರಳು ಇಟ್ಟರು, ನಡುಬೆರಳು ಇಟ್ಟರು. ಎಲ್ಲಕ್ಕೂ ಕೆಂಪು ದೀಪವೇ. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ, “ಸಾರ್, ಗಾರೆ ಕೆಲಸ ಏನಾದ್ರೂ ಮಾಡ್ತೀರಾ?” ಎಂದು ಕೇಳಿದಳು. ಹೈಸ್ಕೂಲಿನಲ್ಲಿ ಜೀವಮಾನವಿಡೀ ವಿಜ್ಞಾನ ಪಾಠ ಹೇಳಿದ ಮನುಷ್ಯ, “ಇಲ್ಲಮ್ಮಾ, ಮರಗೆಲಸ” ಎಂದರು. ಕೊನೆಗೆ ಎಡಗೈ ಕಿರುಬೆರಳು ಅವರ ಪರವಾಗಿ ಸಾಕ್ಷಿ ನುಡಿಯಿತು.

ಮಿಕ್ಕ ಬೆರಳುಗಳ ಗೆರೆ ತಿಂದದ್ದು ಉಪ್ಪುಕಾಗದ. ವಿಜಯನಗರದ ಅವರ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕುವ ತಂತಿಗೂ ನಡುವೆ, ಶೀಟು ಹೊದಿಸಿದ ಒಂದು ಕೋಣೆಯಿದೆ. ನಿವೃತ್ತರಾದಾಗ ಗಿಡ ಬೆಳೆಸಲೆಂದು ಕಟ್ಟಿಸಿದ್ದು. ಈಗ ಅಲ್ಲಿ ಬದುಕಿರುವ ಗಿಡ ಒಂದೂ ಇಲ್ಲ, ಸತ್ತ ಮರ ಬೇಕಾದಷ್ಟಿದೆ. ಹಳೇ ಮನೆ ಕೆಡವಿದ ಕಡೆ ಸಿಕ್ಕ ತೇಗದ ಕಿಟಕಿ ಚೌಕಟ್ಟು, ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಿಂದ ಹೊತ್ತು ತಂದ ಹೊನ್ನೆಯ ತುಂಡು, ಊರಿನ ತೋಟದಲ್ಲಿ ಗಾಳಿಗೆ ಬಿದ್ದ ಹಲಸಿನ ಹಲಗೆ. ಇವೇ ಮಣೆಯಾಗುತ್ತವೆ, ಕಾಫಿ ಟ್ರೇ ಆಗುತ್ತವೆ, ಮೂರು ಕಾಲಿನ ಸ್ಟೂಲು ಆಗುತ್ತವೆ; ಎದುರು ಮನೆಯ ಅಜ್ಜಿಗೆ ಭಾರತ ಓದಲು ಒಂದು ವ್ಯಾಸಪೀಠವೂ ಆಗಿದೆ. ಕಿಟಕಿಯ ಹಲಗೆಯ ಮೇಲೆ ಹಳೇ ಹಾರ್ಲಿಕ್ಸ್ ಬಾಟಲಿಗಳ ಸಾಲು. ಒಂದರಲ್ಲಿ ತೇಗದ ಹುಡಿ, ಇನ್ನೊಂದರಲ್ಲಿ ಹಲಸಿನ ಹಳದಿ ಹುಡಿ, ಮತ್ತೊಂದರಲ್ಲಿ ಬೀಟೆಯ ಕಪ್ಪುಗೆಂಪು. ಬಿರುಕು ಬಂದ ಕಡೆ ಅದೇ ಮರದ ಹುಡಿಯನ್ನು ಫೆವಿಕಾಲಿನಲ್ಲಿ ಕಲಸಿ ತುಂಬುತ್ತಾರೆ. ಮೊಳೆಗೊಂದು ಮಾಸ್ಕು, ಅದರ ಪಕ್ಕದ ಮೊಳೆಗೆ ಹಳೇ ಶರಟು. ಮೇಜಿನ ಮೇಲೆ, ಹೆಚ್ಚು ಕೈಬಳಕೆಯಿಂದ ಮಾಸಿದ ನೀಲಿ ಬಣ್ಣದ ಒಂದು ಸ್ಯಾಂಡರ್. ಮೇಷ್ಟ್ರು ಅದನ್ನು ಇವತ್ತಿಗೂ ‘ಮೈಕೋ ಕಂಪನಿ ಮಿಷನ್ನು’ ಎನ್ನುತ್ತಾರೆ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ 2008ರಲ್ಲಿ ಹೆಸರು ಬದಲಿಸಿ ಬಾಷ್ ಆಯಿತು; ಅವರ ಬಾಯಲ್ಲಿ ಮಾತ್ರ ಆಗಿಲ್ಲ.

ಮರಗೆಲಸವನ್ನು ಹವ್ಯಾಸಕ್ಕೆ ಹಿಡಿದವರ ಮನೆಗೆ ಮೊದಲು ಬರುವ ಸ್ಯಾಂಡರ್ ಹೆಚ್ಚುಕಡಿಮೆ ಇದೇ ಜಾತಿಯದು: ಐದಂಗುಲದ ದುಂಡು ತಟ್ಟೆಯ ರ‍್ಯಾಂಡಮ್ ಆರ್ಬಿಟ್. ಅದು ಹೇಗೆ ಕೆಲಸ ಮಾಡುತ್ತದೆಂದು ಕೇಳಿದರೆ ಮೇಷ್ಟ್ರೊಳಗಿನ ಮೇಷ್ಟ್ರು ಎದ್ದು ನಿಲ್ಲುತ್ತಾರೆ. ಯಂತ್ರವನ್ನು ಮಗುಚಿ ಹಿಡಿದು, ತಟ್ಟೆ ಮೋಟಾರಿನ ದಂಡಕ್ಕೆ ನಟ್ಟನಡುವೆ ಕೂತಿಲ್ಲ, ಕೂದಲೆಳೆ ಪಕ್ಕಕ್ಕೆ ಸರಿದಿದೆ ನೋಡಿ ಎಂದು ತೋರಿಸುತ್ತಾರೆ. ದಂಡ ತಿರುಗಿದಾಗ ಇಡೀ ತಟ್ಟೆ ಎರಡೂವರೆ ಮಿಲಿಮೀಟರ್ ವ್ಯಾಸದ ಪುಟ್ಟ ವೃತ್ತದಲ್ಲಿ ಓಲಾಡುತ್ತದೆ. ವೇಗದ ಗುಂಡಿಯನ್ನು ಕೊನೆಗೆ ತಿರುಗಿಸಿದರೆ ನಿಮಿಷಕ್ಕೆ 12,000 ಸಲ. ಬೇರಿಂಗಿನ ಮೇಲೆ ಬಿಡಿಯಾಗಿ ಕೂತಿರುವುದರಿಂದ ಓಲಾಡುತ್ತಲೇ ತನ್ನಷ್ಟಕ್ಕೆ ತಿರುಗುತ್ತದೆ. ಎರಡೂ ಚಲನೆ ಬೆರೆತಾಗ ಕಾಗದದ ಮೇಲಿನ ಯಾವ ಕಣವೂ ಒಮ್ಮೆ ಹೋದ ದಾರಿಯಲ್ಲಿ ಇನ್ನೊಮ್ಮೆ ಹೋಗುವುದಿಲ್ಲ. ಗೀರುಗಳು ಒಂದು ದಿಕ್ಕಿಗೆ ಸೇರದೆ ಚದುರಿಹೋಗುತ್ತವೆ, ಕಣ್ಣಿಗೆ ನಯವಾಗಿ ಕಾಣುತ್ತದೆ. ಮರದ ಎಳೆ ಯಾವ ಕಡೆ ಓಡಿದೆ ಎಂದು ಚಿಂತಿಸಬೇಕಾಗಿಲ್ಲ.

ಒಂದೇ ಷರತ್ತು, ಅದರ ಮೇಲೆ ಭಾರ ಹಾಕಬಾರದು. ಬೇಗ ಮುಗಿಯಲಿ ಎಂದು ಒತ್ತಿದಿರೋ, ತಟ್ಟೆಯ ಸುತ್ತು ನಿಂತು ಓಲಾಟ ಮಾತ್ರ ಉಳಿಯುತ್ತದೆ. ಮರದ ತುಂಬ ಸಣ್ಣ ಸಣ್ಣ ಸುರುಳಿ ಬೀಳುತ್ತದೆ. ಒಣಮರದಲ್ಲಿ ಅವು ಅಡಗಿಕೊಂಡಿದ್ದು, ಪಾಲಿಶಿನ ಬಟ್ಟೆ ಸೋಕಿದ ಕ್ಷಣ ಒಟ್ಟಿಗೇ ಎದ್ದು ಬರುತ್ತವೆ. ಒತ್ತುವುದರಿಂದ ಇನ್ನೊಂದು ಕೇಡು ತಟ್ಟೆಗೇ. ಕಾಗದ ಅಂಟಿಕೊಳ್ಳುವುದು ತಟ್ಟೆಯ ಮೇಲಿನ ಸಾವಿರಾರು ಪ್ಲಾಸ್ಟಿಕ್ ಕೊಕ್ಕೆಗಳಿಗೆ. ಬಿಸಿ ಏರಿದರೆ ಅವು ಕರಗಿ ಮೊಂಡಾಗುತ್ತವೆ. ಈ ಕೊಕ್ಕೆಯ ಉಪಾಯ ಹೊಳೆದದ್ದು ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ಎಂಬ ಎಂಜಿನಿಯರಿಗೆ. ಬೇಟೆಗೆ ಹೋಗಿ ಬಂದಾಗ ನಾಯಿಯ ಮೈತುಂಬ ಅಂಟಿದ್ದ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಮೇಷ್ಟ್ರಿಗೆ ಈ ಕಥೆ ಎಂದರೆ ಪ್ರಾಣ. ಕೇಳದವರಿಗೂ ಹೇಳುತ್ತಾರೆ.

ಹೀಗೆ ಸಮತಟ್ಟು ಹಲಗೆಯ ಮೇಲೆ ಆ ದುಂಡು ಯಂತ್ರಕ್ಕೆ ಎದುರಿಲ್ಲ. ಆದರೆ ಮೇಷ್ಟ್ರು ಮಾಡುವ ಸಾಮಾನುಗಳಲ್ಲಿ ಸಮತಟ್ಟಾದ ಬಯಲು ಎಷ್ಟು? ಟ್ರೇಗೆ ಒಳಗಡೆ ನಾಲ್ಕು ಮೂಲೆ. ದುಂಡು ತಟ್ಟೆ ಮೂಲೆಯ ಹತ್ತಿರ ಹೋಗಿ, ಎರಡೂ ಗೋಡೆಗೆ ತಾಗಿ, ನಡುವೆ ಒಂದು ಮುಕ್ಕೋಣ ಜಾಗವನ್ನು ಮುಟ್ಟದೆ ಹಿಂದೆ ಬರುತ್ತದೆ. ಸ್ಟೂಲಿನ ಕಾಲಿನ ಅಂಚು ಮುಕ್ಕಾಲು ಅಂಗುಲ. ಅದರ ಮೇಲೆ ಐದಂಗುಲದ ತಟ್ಟೆ ನಿಲ್ಲಿಸಿದರೆ ಆಚೀಚೆ ವಾಲಿ ಚೌಕದ ಅಂಚನ್ನು ಗುಂಡಗೆ ಮಾಡಿಬಿಡುತ್ತದೆ. ವ್ಯಾಸಪೀಠದ ಎರಡು ಹಲಗೆ ಒಂದರೊಳಗೊಂದು ಹೊಗುವ ಸಂದಿನೊಳಕ್ಕೆ ಯಂತ್ರದ ಮೂತಿಯೇ ಹೋಗದು. ಇಲ್ಲೆಲ್ಲ ಉಪ್ಪುಕಾಗದವನ್ನು ಮಡಚಿ, ತೋರುಬೆರಳಿಗೆ ಒತ್ತಿ, ಮಧ್ಯಾಹ್ನವೆಲ್ಲ ಉಜ್ಜುತ್ತಾರೆ. ಮರದ ಗೀರು ಹೋಗುತ್ತದೆ, ಬೆರಳ ಗೆರೆಯೂ ಹೋಗುತ್ತದೆ.

ಎರಡನೆಯ ಸ್ಯಾಂಡರ್ ತೆಗೆದುಕೊಳ್ಳುವ ಯೋಚನೆ ಬಂದದ್ದು ಅವರಿಗಲ್ಲ, ಮಗಳಿಗೆ. ಬೆರಳಚ್ಚಿನ ಪ್ರಸಂಗ ಕೇಳಿ ನಕ್ಕು, ಹಣ ಕಳಿಸಿ, “ಅಪ್ಪ, ಇನ್ನೊಂದು ಮಿಷನ್ ತಗೊಳ್ಳಿ” ಎಂದಳು. ಮೇಷ್ಟ್ರ ಮನಸ್ಸು ನೇರವಾಗಿ ಹೋಗಿ ಬಿದ್ದದ್ದು ಬೆಲ್ಟ್ ಸ್ಯಾಂಡರಿನ ಮೇಲೆ. ಅದರ ಚಿತ್ರಗಳನ್ನು ಫೋನಿನಲ್ಲಿ ತುಂಬಿಕೊಂಡು ಬಂದು ನನಗೆ ತೋರಿಸಿದರು. ಅದಕ್ಕೆ ದುಂಡು ತಟ್ಟೆಯಿಲ್ಲ. ಎರಡು ಉರುಳೆಗಳ ಸುತ್ತ ಉಪ್ಪುಕಾಗದದ ಕೊನೆಯಿಲ್ಲದ ಪಟ್ಟಿ ಒಂದೇ ದಿಕ್ಕಿಗೆ ಓಡುತ್ತದೆ. ಅಮೆರಿಕದ ಸಿರಕ್ಯೂಸ್ ಪಟ್ಟಣದ ಪೋರ್ಟರ್-ಕೇಬಲ್ ಕಂಪನಿಯಲ್ಲಿ ಆರ್ಟ್ ಎಮನ್ಸ್ ಎಂಬ ಎಂಜಿನಿಯರು 1926ರಲ್ಲಿ ಕೈಯಲ್ಲಿ ಹಿಡಿದು ಒಯ್ಯಬಹುದಾದ ಬೆಲ್ಟ್ ಸ್ಯಾಂಡರ್ ಮಾಡಿದ. ಅದಕ್ಕೂ ಮೊದಲು ಮರವನ್ನೇ ದೊಡ್ಡ ಯಂತ್ರದ ಬಳಿಗೆ ಹೊತ್ತೊಯ್ಯಬೇಕಿತ್ತು. ನೂರು ವರ್ಷದಲ್ಲಿ ಅದರ ಗುಣವೇನೂ ಬದಲಾಗಿಲ್ಲ, ಹಸಿವೂ ಕಡಿಮೆಯಾಗಿಲ್ಲ.

“ಕೊಳ್ಳೋಕೆ ಮುಂಚೆ ಅದು ಮರ ತಿನ್ನೋದನ್ನ ಒಂದ್ಸಲ ನೋಡೋಣ” ಎಂದೆ. ಕಾಮಾಕ್ಷಿಪಾಳ್ಯದಲ್ಲಿ ಶೃಂಗೇರಿ ಕಡೆಯ ಆಚಾರ್ರ ಕೆಲಸದ ಷೆಡ್ಡಿದೆ. ನಮ್ಮ ಮನೆಯ ಬಾಗಿಲು ಮಾಡಿದವರು.

ಷೆಡ್ಡು ಅಂದರೆ ಒಂದು ಕಡೆ ಗೋಡೆ, ಮೂರು ಕಡೆ ಒರಗಿಸಿದ ಪ್ಲೈವುಡ್ಡು. ಒಳಗೆ ಹೆಜ್ಜೆ ಇಟ್ಟರೆ ಕಾಲಡಿ ಹೊಟ್ಟು ಮೆತ್ತಗೆ ಕುಸಿಯುತ್ತದೆ. ಮಾಡಿನ ತೂತಿನಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಹುಡಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಎಫ್‌ಎಂನಲ್ಲಿ ಹಾಡು ಬರುತ್ತಿದೆಯೆಂದು ಹಾಡುವವರ ತುಟಿ ಅಲುಗುವುದರಿಂದಲೇ ತಿಳಿಯಬೇಕು. ಯಂತ್ರಗಳ ಸದ್ದಿನಲ್ಲಿ ರೇಡಿಯೊ ಸೋತಿದೆ. ಒಬ್ಬ ಹುಡುಗ ಕೊರೆದ ಮಂಚದ ಕಾಲನ್ನು ತೊಡೆಗೆ ಆನಿಸಿಕೊಂಡು ಆ್ಯಂಗಲ್ ಗ್ರೈಂಡರಿಗೆ ಉಪ್ಪುಕಾಗದದ ದಳಗಳ ಚಕ್ರ ಹಾಕಿ ಉಜ್ಜುತ್ತಿದ್ದ. ಕಬ್ಬಿಣ ಕತ್ತರಿಸಲು ಮಾಡಿದ, ನಿಮಿಷಕ್ಕೆ 11,000 ಸುತ್ತು ತಿರುಗುವ ಯಂತ್ರ ಅದು. ನಮ್ಮ ನಾಡಿನ ನೂರಾರು ಷೆಡ್ಡುಗಳಲ್ಲಿ ಅದೇ ಎರಡನೆಯ ಸ್ಯಾಂಡರ್. ಹಲವು ಕಡೆ ಅದೇ ಮೊದಲನೆಯದೂ ಹೌದು. ಅಗ್ಗ, ಇರುವ ಯಂತ್ರಕ್ಕೇ ಚಕ್ರ ಬದಲಿಸಿದರೆ ಆಯಿತು. ಪಳಗಿದ ಕೈ ಹಿಡಿದರೆ ಬಳ್ಳಿಯ ಬಳುಕಿನೊಳಗೆಲ್ಲ ನುಸುಳಿ ಬರುತ್ತದೆ. ಪಳಗದ ಕೈ ಹಿಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮರದಲ್ಲಿ ಗುಳಿ, ಇಲ್ಲವೇ ತೊಡೆಯಲ್ಲಿ. ಮೇಷ್ಟ್ರು ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಹವ್ಯಾಸಕ್ಕೆ ಮಾಡುವವರು ಆ ದಾರಿಗೆ ಹೋಗಬಾರದು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಆಚಾರ್ರ ಬೆಲ್ಟ್ ಸ್ಯಾಂಡರ್ ಹಸಿರುನೀಲಿಯ ಮಕಿಟಾ, 650 ವಾಟಿನದು. ಪಟ್ಟಿಯ ಅಗಲ 76 ಮಿಲಿಮೀಟರ್, ಸುತ್ತಳತೆ 457. ಪೂರ್ತಿ ವೇಗದಲ್ಲಿ ನಿಮಿಷಕ್ಕೆ 270 ಮೀಟರ್ ಓಡುತ್ತದೆ, ಅಂದರೆ ಸೆಕೆಂಡಿಗೆ ಹತ್ತು ಸುತ್ತು. ಮೂರು ತೇಗದ ಹಲಗೆಗಳನ್ನು ಅಂಟಿಸಿ ಮಾಡಿದ ಒಂದು ಮೇಜಿನ ಮೈ ಕ್ಲಾಂಪಿನಿಂದ ಆಗಷ್ಟೇ ಬಿಡುಗಡೆಯಾಗಿತ್ತು. ಜೋಡಣೆಯಲ್ಲಿ ಹೊಮ್ಮಿದ ಅಂಟು ಗಟ್ಟಿಯಾಗಿ ನಿಂತಿತ್ತು, ಒಂದು ಹಲಗೆ ಇನ್ನೊಂದಕ್ಕಿಂತ ಉಗುರಿನಷ್ಟು ಎತ್ತರ. ಆಚಾರ್ರು ಯಂತ್ರವನ್ನು ಎತ್ತಿ ಹಿಡಿದು ಗುಂಡಿ ಒತ್ತಿದರು, ಪಕ್ಕದ ತಿರುಪು ತಿರುವಿ ಪಟ್ಟಿ ಉರುಳೆಯ ನಡುವೆ ಓಡುವಂತೆ ಮಾಡಿಕೊಂಡರು, ಆಮೇಲೆ ಮೆಲ್ಲನೆ ಇಳಿಸಿದರು. ಹಗ್ಗ ಬಿಚ್ಚಿದ ಕರುವಿನ ಹಾಗೆ ಅದು ಮುಂದಕ್ಕೆ ಜಗ್ಗಿತು. ಆಚಾರ್ರು ಹಿಂದಕ್ಕೆ ವಾಲಿ ಅದನ್ನು ಎಳೆಗೆ ಓರೆಯಾಗಿ ಒಂದು ಸಲ, ಎದುರು ಓರೆಯಾಗಿ ಒಂದು ಸಲ, ಕೊನೆಗೆ ಎಳೆಯ ಉದ್ದಕ್ಕೆ ಓಡಿಸಿದರು. ಎಲ್ಲೂ ಒಂದು ಗಳಿಗೆ ನಿಲ್ಲಲಿಲ್ಲ. ನಾವು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಅಂಟು ಮಾಯ, ಮೂರು ಹಲಗೆ ಒಂದೇ ಮೈ.

ಮೇಷ್ಟ್ರ ಕಣ್ಣು ಹೊಳೆಯಿತು. “ಇದೇ ಬೇಕಾಗಿದ್ದು ನಂಗೆ.”

“ನಿಲ್ಲಿ ಮೇಷ್ಟ್ರೇ” ಎಂದು ಆಚಾರ್ರು ಗೋಡೆಗೆ ಒರಗಿಸಿದ್ದ ಒಂದು ವಾರ್ಡ್‌ರೋಬಿನ ಬಾಗಿಲನ್ನು ಈಚೆ ತಿರುಗಿಸಿದರು. ಪ್ಲೈವುಡ್ಡಿನ ಮೇಲೆ ತೇಗದ ಹಾಳೆ ಅಂಟಿಸಿದ್ದು. ಮಧ್ಯದಲ್ಲಿ ಅಂಗೈಯಗಲ ಹಾಳೆಯೇ ಇಲ್ಲ, ಒಳಗಿನ ಪೇಲವ ಮರ ಹಲ್ಲು ಕಿರಿಯುತ್ತಿತ್ತು. “ಹೊಸ ಹುಡುಗ. ಫೋನ್ ಬಂತು ಅಂತ ಆಕಡೆ ತಿರುಗಿದ. ಈ ಹಾಳೆ ಅರ್ಧ ಮಿಲಿಮೀಟರ್ ಇದ್ರೆ ಹೆಚ್ಚು. ಬೆಲ್ಟಿಗೆ ಅದು ಒಂದು ತುತ್ತೂ ಅಲ್ಲ.”

ಆಮೇಲೆ ಅವರು ಕೇಳಿದ ಪ್ರಶ್ನೆ ಈ ಇಡೀ ವ್ಯವಹಾರದ ತಿರುಳು ಎಂದು ನನಗೆ ಈಗಲೂ ಅನ್ನಿಸುತ್ತದೆ. “ನಿಮ್ಮ ಹತ್ರ ಇರೋ ಮಿಷನ್ನು ಎಲ್ಲ ಮುಗಿಸಿದ ಮೇಲೂ ಕೈಲಿ ಮಾಡೋ ಕೆಲಸ ಯಾವ್ದು ಉಳಿಯುತ್ತೆ?”

ಮೇಷ್ಟ್ರು ಬೆರಳು ತೋರಿಸಿದರು. ಮೂಲೆ, ಅಂಚು, ಸಂದು.

“ಅಲ್ಲಿಗೆ ಬೆಲ್ಟ್ ಹೋಗಲ್ಲ.”

“ಹಲಗೆ ಜೋಡಿಸಿದಾಗ ಏರುಪೇರು ಬರುತ್ತಲ್ಲ ಆಚಾರ್ರೇ, ಅದಕ್ಕೆ?”

ಆಚಾರ್ರು ಮಾತಾಡದೆ ಹಲಗೆಯೊಂದನ್ನು ಕೊಕ್ಕೆಗೆ ಸಿಕ್ಕಿಸಿ, ಕಪಾಟಿನಿಂದ ಮರದ ಮೈಯ ಹಳೇ ಉಜ್ಜುಗೊರಡು ತೆಗೆದು ನಾಲ್ಕು ಸಲ ಓಡಿಸಿದರು. ಸರ್ ಎಂದು ತೆಳು ಸುರುಳಿ ಎದ್ದು ಬಿತ್ತು, ಹುಡಿಯಿಲ್ಲ, ಗದ್ದಲವಿಲ್ಲ. “ಇದು ನಿಮ್ಮ ಮನೇಲೂ ಇದೆ. ಅಲಗು ಮಸೆದಿಲ್ಲ ಅಷ್ಟೆ. ನನಗೆ ದಿನಕ್ಕೆ ಎಂಟು ಬಾಗಿಲು, ನಂಗೆ ಬೆಲ್ಟ್ ಬೇಕು. ನಿಮಗೆ ತಿಂಗಳಿಗೆ ಒಂದು ಸ್ಟೂಲು.” ಗೊರಡಿಗೆ ಎದುರು ನಿಲ್ಲುವ ಗಂಟು ಬಂದರೆ ಗಾಜಿನ ಚೂರಿನಿಂದ ಹೆರೆಯಬಹುದು ಎಂದೂ ತೋರಿಸಿದರು. ಒಡೆದ ಕಿಟಕಿ ಗಾಜಿನ ಅಂಚು ಹೆರೆದ ಜಾಗ ಯಾವ ಕಾಗದ ಉಜ್ಜಿದ್ದಕ್ಕೂ ಕಡಿಮೆ ಹೊಳೆಯಲಿಲ್ಲ. ಗಾಜು ಮುಕ್ಕಾದರೆ? ಇನ್ನೊಂದು ಚೂರು.

ಆದರೂ ಬೆಲ್ಟ್ ಸ್ಯಾಂಡರನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ. ಅದನ್ನು ಮಗುಚಿ ಮೇಜಿಗೆ ಬಿಗಿದು ನಿಲ್ಲಿಸಿದರೆ ಪುಟ್ಟ ತುಂಡುಗಳನ್ನು ಅದರ ಬಳಿಗೆ ಒಯ್ಯಬಹುದು. ಆಟಿಕೆ ಮಾಡುವವರಿಗೆ, ಹಿಡಿಕೆ ಮಾಡುವವರಿಗೆ ಅದೊಂದು ವರ. ದೊಡ್ಡ ದೊಡ್ಡ ಹಳೇ ಹಲಗೆಗಳ ಬಣ್ಣ ಕಿತ್ತು ಮೇಜು ಮಾಡುವ ಹುಚ್ಚಿದ್ದರೆ ಎರಡನೆಯದಾಗಿ ಅದನ್ನೇ ಕೊಳ್ಳಬೇಕು. ಮೇಷ್ಟ್ರಿಗೆ ಆ ಹುಚ್ಚಿಲ್ಲ. ಅವರದು ಟ್ರೇಯ ಹುಚ್ಚು.

ಅಲ್ಲಿಂದ ಬರುವಾಗ ಇಬ್ಬರೂ ಸೀನುತ್ತಾ ಬಂದೆವು. ಮರದ ಹುಡಿಯ ವಿಷಯದಲ್ಲಿ ನಮ್ಮ ಬಡಗಿಗಳೂ ಹವ್ಯಾಸಿಗಳೂ ತೋರಿಸುವ ಉಡಾಫೆ ನನಗೆ ಅರ್ಥವಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1995ರಲ್ಲೇ ಮರದ ಹುಡಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದೆ, ತಂಬಾಕಿನ ಹೊಗೆ ಇರುವ ಪಟ್ಟಿಗೆ. ಮೂಗಿನೊಳಗಿನ ಕ್ಯಾನ್ಸರಿಗೂ ವರ್ಷಗಟ್ಟಲೆ ಕುಡಿದ ಈ ಹುಡಿಗೂ ನಂಟಿದೆ. ಬೀಟೆಯ ಹುಡಿ ಕೆಲವರ ಚರ್ಮಕ್ಕೂ ಆಗದು. ಕಣ್ಣಿಗೆ ಕಾಣುವ ಹೊಟ್ಟು ನೆಲಕ್ಕೆ ಬೀಳುತ್ತದೆ. ಕಾಣದ ನುಣ್ಣನೆಯದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲಿ ಉಸಿರಿನೊಳಗೆ ಹೋಗುತ್ತದೆ. ಸ್ಯಾಂಡರಿನ ಹಿಂದೆ ಜೋತಾಡುವ ಬಟ್ಟೆ ಚೀಲ ಹಿಡಿಯುವುದು ಬಹುಪಾಲು ಮೊದಲನೆಯದನ್ನು. ಮೇಷ್ಟ್ರು ಚೀಲ ಕಿತ್ತು ಮನೆಯ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಸಿಕ್ಕಿಸಿದ್ದಾರೆ. ಎರಡರ ಬಾಯಿಯ ಅಳತೆ ಬೇರೆ ಬೇರೆ. ನಡುವೆ ಸೈಕಲ್ ಟ್ಯೂಬಿನ ತುಂಡು, ಅದರ ಮೇಲೆ ತಂತಿಯ ಬಿಗಿತ. ಹೊಸ ಯಂತ್ರಕ್ಕೆ ಹುಡಿ ಹೊರಹೋಗುವ ಬಾಯಿ ಇರಲೇಬೇಕು ಎಂಬುದೊಂದೇ ಅವರು ಮೊದಲಿನಿಂದ ಹಿಡಿದ ಹಟ. ಮಾಸ್ಕ್ ಅಂತೂ ಇದ್ದೇ ಇದೆ, ಎನ್ 95.

ಮಧ್ಯೆ ಒಂದು ಮಾತು. ಮೈಸೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿದರೆ ಈ ಎಲ್ಲ ಯಂತ್ರಗಳ ಅಗತ್ಯವೇ ಇಲ್ಲದ ಒಂದು ಲೋಕ ಕಾಣುತ್ತದೆ. ಅಲ್ಲಿ ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿದರೆ ತಿರುಗುವುದು ಮರ. ಕಾಗದ ಸುಮ್ಮನೆ ಬೆರಳಲ್ಲಿ ಕೂತಿರುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಯಲ್ಲಿ ಒಣಗಿದ ತಾಳೆಗರಿಯ ತುಂಡು ಹಿಡಿದರೆ ಅರಗು ಸಮನಾಗಿ ಹರಡಿ ಮುಖ ನೋಡಿಕೊಳ್ಳುವಷ್ಟು ಹೊಳಪು ಬರುತ್ತದೆ. ದುಂಡಗಿನ ಸಾಮಾನಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ನಮ್ಮ ತಾಪತ್ರಯವೆಲ್ಲ ಚೌಕಾಕಾರದ್ದು.

ಶನಿವಾರ ಎಸ್‌ಜೆಪಿ ರಸ್ತೆಗೆ ಹೋದೆವು. ಸಿಲ್ವರ್ ಜ್ಯೂಬಿಲಿ ಪಾರ್ಕ್ ರಸ್ತೆ ಎಂದು ಪೂರ್ತಿ ಹೆಸರು. ಹೆಸರಿನ ಬೆಳ್ಳಿಯೂ ಇಲ್ಲ, ನೆರಳೂ ಇಲ್ಲ, ಕಬ್ಬಿಣವಿದೆ. ಟೌನ್‌ಹಾಲ್ ಕಡೆಯಿಂದ ಒಳಹೊಕ್ಕರೆ ಬೇರಿಂಗಿನ ಅಂಗಡಿ, ಚೈನಿನ ಅಂಗಡಿ, ನೀರೆತ್ತುವ ಪಂಪು, ವೆಲ್ಡಿಂಗ್ ಕಡ್ಡಿ, ತೂಕದ ಲೆಕ್ಕದಲ್ಲಿ ಮಾರುವ ನಟ್ಟುಬೋಲ್ಟು. ಫುಟ್‌ಪಾತು ಎನ್ನುವುದು ಸಾಮಾನು ಇಳಿಸುವ ಜಾಗ. ತಳ್ಳುಗಾಡಿಯವನು ಮೋಟಾರಿನ ಪೆಟ್ಟಿಗೆಗಳ ಗೋಪುರ ಕಟ್ಟಿಕೊಂಡು, “ಸೈಡ್, ಸೈಡ್” ಎನ್ನುತ್ತಾ ಬರುತ್ತಾನೆ. ಅವನಿಗೆ ಜಾಗ ಬಿಟ್ಟರೆ ಹಿಂದಿನ ಸ್ಕೂಟರಿನವನು ಬೈಯುತ್ತಾನೆ. ಗ್ರೀಸಿನ ವಾಸನೆ, ಹೊಸ ರಬ್ಬರಿನ ವಾಸನೆ, ಅವುಗಳ ನಡುವೆ ಎಲ್ಲಿಂದಲೋ ಏಲಕ್ಕಿ ಟೀ.

ನಾವು ಹೊಕ್ಕ ಅಂಗಡಿಯ ಅಗಲ ಎಂಟಡಿ, ಎತ್ತರಕ್ಕೆ ಲೆಕ್ಕವಿಲ್ಲ. ಬಣ್ಣ ನೋಡಿಯೇ ಕಂಪನಿ ಹೇಳಬಹುದು: ನೀಲಿ ಬಾಷ್, ಹಳದಿ ಡಿವಾಲ್ಟ್, ಹಸಿರುನೀಲಿ ಮಕಿಟಾ. ಏಣಿಯ ಮೇಲೊಬ್ಬ ಹುಡುಗ ಯಾವಾಗಲೂ ಅಲ್ಲೇ ವಾಸ. ಕೆಳಗಿನಿಂದ ಕೂಗಿದ್ದನ್ನು ಮೇಲಿನಿಂದ ಬಿಡುತ್ತಾನೆ, ಯಜಮಾನರು ಕತ್ತೆತ್ತದೆ ಹಿಡಿಯುತ್ತಾರೆ.

“ಬನ್ನಿ ಸಾರ್. ಏನ್ ಕೊಡ್ಲಿ?”

“ಸ್ಯಾಂಡರ್. ಒಂದಿದೆ, ಎರಡನೇದು ಬೇಕು.”

“ಒಂದಿರೋದು ದುಂಡಂದಾ? ಹಂಗಾದ್ರೆ ಅದೇ ಇನ್ನೊಂದು ತಗೊಳ್ಳಿ. ಒಂದಕ್ಕೆ 80 ಹಾಕಿ, ಇನ್ನೊಂದಕ್ಕೆ 180. ಪೇಪರ್ ಬದಲಾಯ್ಸೋ ತಲೆನೋವೇ ಇಲ್ಲ.”

ಹಾಸ್ಯವಲ್ಲ, ದಿನವಿಡೀ ಮಾಡುವವರು ಹಾಗೇ ಇಟ್ಟುಕೊಳ್ಳುತ್ತಾರೆ. ಮೇಷ್ಟ್ರು ತಲೆಯಾಡಿಸಿದರು. ಚೀಲದಿಂದ ತಾವು ಅರ್ಧ ಮಾಡಿದ ಟ್ರೇ ತೆಗೆದು ಗಾಜಿನ ಕೌಂಟರಿನ ಮೇಲೆ ಇಟ್ಟು, ಕಿವಿಯ ಹಿಂದಿನ ಪೆನ್ಸಿಲಿನಿಂದ ಅದರ ತಳದ ತುಂಬ, ಮೂಲೆಯೊಳಗೂ, ಗೀಟು ಎಳೆದರು. “ಈ ಗೀಟು ಅಳಿಸೋ ಮಿಷನ್ ಕೊಡಿ.” ಯಜಮಾನರು ಮೊದಲ ಬಾರಿಗೆ ಕನ್ನಡಕ ಮೇಲೆತ್ತಿ ನೋಡಿದರು.

ಮುಂದಿನ ಒಂದು ಗಂಟೆ ಕೌಂಟರು ಪ್ರಯೋಗಶಾಲೆ. ಮೊದಲು ಬಂದದ್ದು ಆರಂಗುಲದ ದುಂಡು, ಐದು ಮಿಲಿಮೀಟರ್ ಓಲಾಟದ್ದು. ನೋಡುವಾಗಲೇ ಗೊತ್ತಾಯಿತು, ಇದು ಇರುವ ಯಂತ್ರದ ಅಣ್ಣ. ದೊಡ್ಡ ಹಲಗೆಗೆ ಸರಿ, ಮೂಲೆಗೆ ಇನ್ನೂ ದೂರ. ಪಕ್ಕಕ್ಕೆ ಇಟ್ಟರು. ನಿಂತಲ್ಲೇ ನಿಂತು ಕೆಲಸ ಮಾಡುವ, ಮೇಲೆ ಕೆಳಗೆ ಆಡುತ್ತಾ ತಿರುಗುವ ಕಂಬದ ಸ್ಯಾಂಡರಿನ ಚಿತ್ರ ತೋರಿಸಿದರು. ಒಳಬಳುಕಿಗೆ ಅದರಷ್ಟು ಚೆನ್ನಾದದ್ದಿಲ್ಲ, ತಾರಸಿ ಕೋಣೆಯಲ್ಲಿ ಜಾಗವಿಲ್ಲ.

ಮೂರನೆಯದು ಇಸ್ತ್ರಿಪೆಟ್ಟಿಗೆಯ ಮೂತಿಯ ಡೆಲ್ಟಾ. ಏಣಿಯ ಹುಡುಗ ವೈರು ಸಿಕ್ಕಿಸಿದ. ಮೇಷ್ಟ್ರು ಮೂತಿಯನ್ನು ಮೂಲೆಗೆ ತಳ್ಳಿದರು, ಗೀಟು ಅಳಿಯಿತು. ಖುಷಿಯೂ ಆಯಿತು. ಆದರೆ ಕಾಗದ ತೆಗೆದು ನೋಡಿದರೆ ಸವೆದದ್ದು ತುದಿಯ ಒಂದು ಕಾಳಿನಷ್ಟು ಜಾಗ. ಮೂರು ತುದಿ ತಿರುಗಿಸಿ ಹಾಕಬಹುದು, ಆಮೇಲೆ ನಡುವೆ ಹೊಸದಾಗೇ ಇರುವ ಕಾಗದ ಎಸೆಯಬೇಕು. ಆ ಆಕಾರದ ಕಾಗದ ನಮ್ಮ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಅದೇ ಮುಕ್ಕೋಣದ ಪಾದವನ್ನು ಹಾಕಿಕೊಳ್ಳುವ ಮಲ್ಟಿಟೂಲ್ ಕೂಡ ಬಂತು. ಕತ್ತರಿಸುತ್ತದೆ, ಕೆರೆಯುತ್ತದೆ, ಉಜ್ಜುತ್ತದೆ, ಕಿವಿಯನ್ನೂ ಕೊರೆಯುತ್ತದೆ. ನನ್ನ ಮಟ್ಟಿಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುವ ಯಂತ್ರಕ್ಕೆ ಎರಡನೆಯ ಸ್ಥಾನ ಕೊಡಬಾರದು.

ಕೊನೆಗೆ ಹುಡುಗ ಮೇಲಿನಿಂದ ಬಿಟ್ಟ ಪೆಟ್ಟಿಗೆ ಎಲ್ಲಕ್ಕಿಂತ ಚಿಕ್ಕದು. ಕಾಲು ಹಾಳೆಯ ಸ್ಯಾಂಡರ್. ಉಪ್ಪುಕಾಗದದ ಸಾಮಾನ್ಯ ಹಾಳೆ 230 ಮಿಲಿಮೀಟರ್ ಅಗಲ, 280 ಉದ್ದ. ಅದರ ನಾಲ್ಕನೇ ಒಂದು ಪಾಲು ಇದರ ಚೌಕಪಾದಕ್ಕೆ ಸಾಕು. ಎರಡು ಕಡೆ ತಂತಿಯ ಕ್ಲಿಪ್ಪು ಕಾಗದ ಹಿಡಿಯುತ್ತದೆ. ಪಾದ ತಿರುಗುವುದಿಲ್ಲ, ಇದ್ದಲ್ಲೇ ಸಣ್ಣಗೆ ನಡುಗುತ್ತದೆ. ತಿರುಗದೆ ಇರುವುದರಿಂದಲೇ ಅದರ ನಾಲ್ಕೂ ಮೂಲೆ ಮೂಲೆಯಾಗಿಯೇ ಉಳಿಯುತ್ತವೆ. ಬೆಲೆ ದುಂಡು ಯಂತ್ರಕ್ಕಿಂತ ಕಡಿಮೆ, ಬೆಲ್ಟಿನ ಬೆಲೆಯ ಹತ್ತಿರಕ್ಕೂ ಬಾರದು. ಅದಕ್ಕೇ ಇರಬೇಕು, ಯಜಮಾನರು ಅದನ್ನು ಕೊನೆಯವರೆಗೆ ಇಳಿಸಿರಲಿಲ್ಲ.

ಮೇಷ್ಟ್ರು ಟ್ರೇಯೊಳಗೆ ಇಟ್ಟು ಒಂದೇ ಅಂಗೈಯಲ್ಲಿ ನಡೆಸಿದರು. ಬೆಲ್ಟಿನ ಅಬ್ಬರವಿಲ್ಲ, ಒಂದೇ ಶ್ರುತಿಯ ಗುಂಯ್ ಸದ್ದು. ಗೋಡೆಯುದ್ದಕ್ಕೂ ಸರಿದು ಮೂಲೆಗೆ ಹೋಗಿ ನಿಂತಿತು, ಈಚೆ ಬಂತು. ಪೆನ್ಸಿಲ್ ಗೀಟು ಮೂಲೆಯ ಕೊನೆಯವರೆಗೂ ಮಾಸಿತ್ತು, ತೀರ ಸಂದಿನಲ್ಲಿ ಒಂದು ಕೂದಲಷ್ಟು ಬಿಟ್ಟು. ಕೆಡುಕೂ ಕಂಡಿತು: ನಡುಗುವ ಪಾದ ಗೋಡೆಗೆ ಬಡಿದು ಅಲ್ಲೊಂದು ಸಣ್ಣ ಗೆರೆ ಮೂಡಿಸಿತ್ತು. ಹಾಳೆಯ ಕೆಲಸ ನಿಧಾನ ಎನ್ನುವುದೂ ಸುಳ್ಳಲ್ಲ. ಬಹಳ ಹೊತ್ತು ಹಿಡಿದರೆ ಅಂಗೈ ಜುಮ್ಮೆನ್ನುತ್ತದೆ, ನಡುನಡುವೆ ಬಿಡಬೇಕು. ಗೆರೆಗೆ ಉಪಾಯ ಹೇಳಿದವನು ಏಣಿಯ ಹುಡುಗ. “ಸಾರ್, ಗೋಡೆಗೆ ಟೇಪ್ ಹಾಕ್ಕೊಂಡು ಹೊಡೀರಿ. ಬಣ್ಣ ಹೊಡೆಯೋರು ಹಾಕ್ತಾರಲ್ಲ, ಆ ಟೇಪು.”

ಸ್ಟೂಲಿನ ಕಾಲಿನ ತುಂಡೂ ಚೀಲದಲ್ಲಿತ್ತು. ಮುಕ್ಕಾಲು ಅಂಗುಲದ ಅಂಚಿನ ಮೇಲೆ ಚೌಕಪಾದವನ್ನು ಉದ್ದಕ್ಕೆ ಕೂರಿಸಿ ಹಿಂದೆ ಮುಂದೆ ಒಯ್ದರು. ಅಂಚು ಅಂಚಾಗಿಯೇ ಉಳಿಯಿತು. ವ್ಯಾಸಪೀಠದ ಸಂದಿಗೆ ಮಾತ್ರ ಇದೂ ಹೋಗದು, ಯಾವುದೂ ಹೋಗದು. ಅದಕ್ಕೆ ಬಟ್ಟೆಬೆನ್ನಿನ ಪಟ್ಟಿ, ಮತ್ತೆ ಬೆರಳು.

“ಬೆಲ್ಟ್ ಬೇಡ್ವಾ ಸಾರ್? ಡಿಸ್ಕೌಂಟ್ ಮಾಡ್ಕೊಡ್ತೀನಿ” ಎಂದು ಯಜಮಾನರು ಕೊನೆಯ ಬಾಣ ಬಿಟ್ಟರು. ಮೇಷ್ಟ್ರು ಆ ಹಸಿರುನೀಲಿ ಪೆಟ್ಟಿಗೆಯನ್ನು ಒಮ್ಮೆ ಕೈಗೆತ್ತಿಕೊಂಡು, ತೂಗಿ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು ಕೆಳಗಿಟ್ಟರು. ಹುಡಿಯ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಹೊಂದುತ್ತದೆಯೇ ಎಂದು ಜೇಬಿನಿಂದ ತೆಗೆದು ಸಿಕ್ಕಿಸಿ ನೋಡಿದರು. ಹೊಂದಿತು. ಬಿಲ್ಲು ಬರೆಯಿರಿ ಎಂದರು. ಜಿಎಸ್‌ಟಿ 18 ಸೇರಿಯೂ ಮಗಳು ಕಳಿಸಿದ ಹಣದಲ್ಲಿ ಬಹಳಷ್ಟು ಉಳಿಯಿತು.

ಉಳಿದದ್ದಕ್ಕೆ ಮಸೆಯುವ ಕಲ್ಲು ಬಂತು, ಗೊರಡಿನ ಅಲಗಿಗೆ. ಆಮೇಲೆ ಕಾಗದ. ಕಾಗದದ ಬೆನ್ನ ಮೇಲಿನ ಅಂಕಿ ಹೆಚ್ಚಿದಷ್ಟೂ ಕಣ ಸಣ್ಣ: ಪಿ 80ರ ಕಣ ಸುಮಾರು 0.2 ಮಿಲಿಮೀಟರ್, ಪಿ 220ರದ್ದು 0.07ಕ್ಕಿಂತ ಚೂರು ಕಡಿಮೆ. ಯಜಮಾನರು 400ರ ಕಟ್ಟನ್ನೂ ಮುಂದೆ ತಳ್ಳಿದರು. ಮೇಷ್ಟ್ರು ಹಿಂದಕ್ಕೆ ತಳ್ಳಿದರು. ಚಪಡಾ ಪಾಲಿಶಿಗೆ 180 ಸಾಕು, ಹೆಚ್ಚೆಂದರೆ 220. ಅದಕ್ಕಿಂತ ನಯ ಮಾಡಿದರೆ ಮರದ ಮೈ ಮುಚ್ಚಿಹೋಗಿ ಬಣ್ಣ ಕುಡಿಯುವುದಿಲ್ಲ ಎಂದು ಸಣ್ಣ ಪಾಠವೂ ಆಯಿತು. 80, 120, 180, ಒಂದೊಂದು ಕಟ್ಟು. ತೇಗದ ಎಣ್ಣೆಯಂಶಕ್ಕೆ ಕಾಗದ ಬೇಗ ಮೆತ್ತಿಕೊಳ್ಳುತ್ತದೆ, ಹಾಗಾಗಿ 120 ಇನ್ನೊಂದು ಕಟ್ಟು ಹೆಚ್ಚಿಗೆ.

“ಮತ್ತೆ ಸಾರ್?”

“ಒಂದು ಆಕ್ಸಾ ಬ್ಲೇಡು.”

“ಕಬ್ಬಿಣ ಕುಯ್ಯೋಕಾ?”

“ಕಾಗದ ಹರಿಯೋಕೆ” ಎಂದು ಮೇಷ್ಟ್ರು ಅಲ್ಲೇ ತೋರಿಸಿಕೊಟ್ಟರು. ಬ್ಲೇಡನ್ನು ಹಲಗೆಯ ಅಂಚಿಗೆ ಹಲ್ಲು ಹೊರಗಿರುವಂತೆ ಎರಡು ಸ್ಕ್ರೂ ಹಾಕಿ ಕೂರಿಸಬೇಕು, ಅಡಿಯಲ್ಲಿ ಒಂದೊಂದು ವಾಷರ್, ಹಾಳೆ ನುಸುಳುವಷ್ಟು ಸಂದು ಬಿಟ್ಟು. ಹಲಗೆಯ ಮೇಲೆ 140ಕ್ಕೊಂದು, 115ಕ್ಕೊಂದು ಗೀಟು. ಹಾಳೆಯನ್ನು ಗೀಟಿಗೆ ಸರಿಯಾಗಿ ತಳ್ಳಿ ಮೇಲಕ್ಕೆ ಎಳೆದರೆ ನೇರವಾಗಿ ಹರಿಯುತ್ತದೆ. ಕತ್ತರಿ ಹಾಕಿದರೆ ಕತ್ತರಿ ಮೊಂಡು. ಯಜಮಾನರು ಏಣಿಯ ಕಡೆ ನೋಡಿ, “ಕೇಳಿಸ್ಕೊಂಡ್ಯೇನೋ, ನಾಳೆ ಒಂದು ಮಾಡಿಡು” ಎಂದು ಹೇಳಿ, ಬ್ಲೇಡಿನ ದುಡ್ಡನ್ನು ಬಿಲ್ಲಿನಿಂದ ಹೊಡೆದುಹಾಕಿದರು.